ಒಂದು ಸ್ವರ, ಒಂದು ಅಕ್ಷರ

ಬೆಂಗಳೂರಿನಲ್ಲಿ ಪಿಯಾನೊ ಕಲಿಯುತ್ತಿರುವ ಮೊಮ್ಮಗಳು ಕೆಲವು ತಿಂಗಳ ಹಿಂದೆ ಎರಡು ಪುಸ್ತಕಗಳನ್ನು ತಂದು ನನ್ನ ಮುಂದೆ ಹರಡಿದಳು. ಎರಡರಲ್ಲೂ ಇದ್ದುದು ಶೊಪೆನ್‌ನ ಒಂದೇ ಕೃತಿ, ಸಿ ಮೈನರ್ ಪ್ರೆಲ್ಯೂಡ್. ಕೇವಲ 13 ಆವರ್ತಗಳ ಪುಟ್ಟ ರಚನೆ. ಮೂರನೆಯ ಆವರ್ತದ ಕೊನೆಯಲ್ಲಿ ಮಾತ್ರ ಒಂದು ಸ್ವರ ಬೇರೆಯಾಗಿತ್ತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದರಲ್ಲಿ ಅಂತರ ಗಾಂಧಾರ, ಇನ್ನೊಂದರಲ್ಲಿ ಸಾಧಾರಣ ಗಾಂಧಾರ. ಮೊದಲನೆಯದನ್ನು ನುಡಿಸಿದರೆ ಶೋಕದ ನಡುವೆ ಕ್ಷಣಕಾಲ ಬೆಳಕು ಮೂಡುತ್ತದೆ. ಎರಡನೆಯದರಲ್ಲಿ ಆ ಬೆಳಕಿಲ್ಲ. 'ಯಾವುದು ಸರಿ, ತಾತ?' ಎಂದು ಕೇಳಿದಳು.

ಉತ್ತರಕ್ಕಾಗಿ ಓದುತ್ತ ಹೋದೆ. ಈ ಪ್ರೆಲ್ಯೂಡುಗಳು 1839ರಲ್ಲಿ ಪ್ಯಾರಿಸ್, ಲೈಪ್ಜಿಗ್ ಮತ್ತು ಲಂಡನ್‌ಗಳಲ್ಲಿ ಮೂರು ಬೇರೆ ಪ್ರಕಾಶಕರಿಂದ ಅಚ್ಚಾದವು. ಅರ್ಪಣೆ ಕೂಡ ಒಂದೇ ಅಲ್ಲ. ಪ್ಯಾರಿಸ್ ಮುದ್ರಣ ಪ್ಲೆಯೆಲ್‌ಗೆ, ಲೈಪ್ಜಿಗ್ ಮುದ್ರಣ ಕೆಸ್ಲರ್‌ಗೆ. ವಿವಾದದ ಸ್ವರವನ್ನು ತಗ್ಗಿಸುವ ಚಿಹ್ನೆ ಮೊದಲ ಮುದ್ರಣಗಳಲ್ಲಿಲ್ಲ. ಶಿಷ್ಯೆಯೊಬ್ಬಳ ಪ್ರತಿಯಲ್ಲಿ ಅದನ್ನು ಪೆನ್ಸಿಲ್‌ನಿಂದ ಸೇರಿಸಲಾಗಿದೆ. ಆ ಒಂದು ಪ್ರತಿಯನ್ನು ಹಳೆಯದೆಂದು ಎಸೆದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈ ವಿಷಯ ನನ್ನನ್ನು ಹುಂಚಕ್ಕೆ ಕರೆದೊಯ್ದಿತು. ಹೊಸನಗರ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಸಾಂತರರ ರಾಜಧಾನಿ. ಶಾಸನಗಳ ಪೊಂಬುರ್ಚ ಇಂದು ಹೊಂಬುಜವೂ ಹೌದು, ಹುಂಚವೂ ಹೌದು. ಇಲ್ಲಿನ ಪಂಚಕೂಟ ಬಸದಿಗೆ 'ಉರ್ವೀತಿಲಕ' ಎಂಬ ಹೆಸರಿದೆ. 1077ರಲ್ಲಿ ಅದನ್ನು ಕಟ್ಟಿಸಿದವಳು ಚಟ್ಟಲದೇವಿ. ತೀರಿಹೋದ ತಂಗಿಯ ನಾಲ್ವರು ಗಂಡುಮಕ್ಕಳನ್ನು ಸ್ವಂತ ಮಕ್ಕಳಂತೆ ಸಲಹಿ, ಅಗಲಿದ ತನ್ನವರ ನೆನಪಿಗೆ ಆಕೆ ಈ ಬಸದಿಯನ್ನು ನಿಲ್ಲಿಸಿದಳು. ಇಷ್ಟೂ ನಮಗೆ ತಿಳಿದಿರುವುದು ಕಲ್ಲಿನ ಮೇಲಿನ ಅಕ್ಷರಗಳಿಂದ.

ಆ ಅಕ್ಷರಗಳು ಓದುಗರ ಕೈಗೆ ಬಂದದ್ದು 1904ರಲ್ಲಿ, ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೆಯ ಸಂಪುಟದಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹುಂಚದವು ನಗರ ತಾಲ್ಲೂಕಿನ ಭಾಗದಲ್ಲಿವೆ. ಕನ್ನಡ ಲಿಪಿ, ರೋಮನ್ ಲಿಪಿ, ಇಂಗ್ಲಿಷ್ ಅನುವಾದ - ಹೀಗೆ ಒಂದೇ ಶಾಸನಕ್ಕೆ ಮೂರು ರೂಪ. ನಮ್ಮ ಇತಿಹಾಸ ಬರವಣಿಗೆ ಈ ಮಹತ್ಕಾರ್ಯಕ್ಕೆ ಋಣಿ. ಆದರೆ ಕಲ್ಲಿನಲ್ಲಿ ಅಕ್ಷರಗಳು ಬಿಡುವಿಲ್ಲದೆ ಸಾಗುತ್ತವೆ. ಪದ ಬಿಡಿಸುವವನು ಸಂಪಾದಕ. 'ಅವನರಸಂ' ಎಂದು ಕೆತ್ತಿದ್ದರೆ 'ಅವನು ಅರಸ' ಎಂದೂ ಓದಬಹುದು, 'ಅವನ ಅರಸ' ಎಂದೂ ಓದಬಹುದು. ಒಂದರಲ್ಲಿ ಆತ ದೊರೆ, ಇನ್ನೊಂದರಲ್ಲಿ ಆಳು. ಅನುವಾದ ಎರಡರಲ್ಲಿ ಒಂದನ್ನು ಆಯ್ದುಕೊಂಡೇ ಮುಂದುವರಿಯಬೇಕು.

ಮುದ್ರಿತ ಪಾಠದ ನೆರಳಚ್ಚು ಹಿಡಿದು ಒಂದು ಬೆಳಿಗ್ಗೆ ಬಸದಿಯಲ್ಲಿ ನಿಂತೆ. ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತಿದ್ದ ಅಕ್ಷರಗಳು ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಿಗೆ ಮಸುಕಾದವು. ನಾನು ಲಿಪಿತಜ್ಞನಲ್ಲ, ತಪ್ಪು ಹುಡುಕುವ ಅಧಿಕಾರ ನನಗಿಲ್ಲ. ಆದರೆ ಪ್ರತಿಗಳನ್ನು ಹೋಲಿಸದಿದ್ದರೆ ಏನಾಗುತ್ತದೆಂಬುದು ನನಗೆ ಗೊತ್ತು.

ಉಪವಿಭಾಗಾಧಿಕಾರಿಯಾಗಿದ್ದಾಗ ವಿಧವೆಯೊಬ್ಬರ ಮೇಲ್ಮನವಿ ನನ್ನ ಮುಂದೆ ಬಂದಿತ್ತು. ಹಳೆಯ ರಿಜಿಸ್ಟರಿನಲ್ಲಿ ಅವರ ಜಮೀನು 1 ಎಕರೆ 20 ಗುಂಟೆ. ಹೊಸ ಪಹಣಿಯಲ್ಲಿ 20 ಗುಂಟೆ ಮಾತ್ರ. ಹಳೆಯದು ಹುಳು ತಿಂದಿತ್ತು, ಹೊಸದು ಸ್ವಚ್ಛವಾಗಿತ್ತು. ನಾನು ಸ್ವಚ್ಛವಾದುದನ್ನು ನಂಬಿದೆ. ನಕಲು ಮಾಡುವಾಗ ಒಂದು ಅಂಕಿ ಬಿಟ್ಟುಹೋಗಿತ್ತೆಂದು ಮೇಲಿನ ಹಂತದಲ್ಲಿ ತೀರ್ಮಾನವಾಯಿತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದರು. ನನ್ನ ಆದೇಶದಲ್ಲಿ ಕಾನೂನಿನ ದೋಷವಿರಲಿಲ್ಲ. ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ನೋಡುವ ತಾಳ್ಮೆ ಇರಲಿಲ್ಲ.

ಇಂದು ಉಪಕರಣಗಳ ಕೊರತೆಯಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಮಲೆನಾಡಿನ ಮಳೆ, ಪಾಚಿಗಳ ನಡುವೆ ಇರುವ ಶಾಸನಗಳಿಗೆ ಈ ಕೆಲಸ ಇನ್ನೂ ತುರ್ತಿನದು. ಕಲ್ಲಿನ ಚಿತ್ರ, 1904ರ ಪಾಠ, ನಂತರದ ವಿದ್ವಾಂಸರ ತಿದ್ದುಪಡಿ ಇವೆಲ್ಲ ಒಂದೇ ಪುಟದಲ್ಲಿ ಓದುಗನಿಗೆ ಸಿಗಬೇಕು. ಹೊಸ ಪ್ರತಿ ಬಂದಿತೆಂದು ಹಳೆಯದನ್ನು ಮೂಲೆಗೆಸೆಯಬಾರದು. ಖರ್ಚು ದೊಡ್ಡದೇನಲ್ಲ, ಕಲ್ಲು ಸವೆದ ಮೇಲೆ ಎಷ್ಟು ಖರ್ಚು ಮಾಡಿದರೂ ಅಕ್ಷರ ಮರಳುವುದಿಲ್ಲ.

ಮೊಮ್ಮಗಳಿಗೆ ನಾನು ತೀರ್ಪು ಕೊಡಲಿಲ್ಲ. ಎರಡೂ ಪ್ರತಿಗಳ ಕಥೆ ಹೇಳಿದೆ. ಈಗ ಆಕೆ ಪ್ರೆಲ್ಯೂಡನ್ನು ಎರಡು ರೀತಿಯಲ್ಲೂ ನುಡಿಸುತ್ತಾಳೆ. ಮೂರನೆಯ ಆವರ್ತ ಬಂದಾಗಲೆಲ್ಲ ನನಗೆ ಆ ಪಹಣಿ ನೆನಪಾಗುತ್ತದೆ.