ಯೌವನಲೇಪನದ ಮುನಿಸು

ಮುಪ್ಪನ್ನು ಕಳೆದುಕೊಳ್ಳಲು ಯಯಾತಿ ಮಗನ ಮುಂದೆ ಕೈಯೊಡ್ಡಬೇಕಾಯಿತು. ಇಂದು ಆ ಪಾಡಿಲ್ಲ. ಸುಕ್ಕನ್ನು ಅಳಿಸುವುದಾಗಿ ಸಾರುವ ಲೇಪನಗಳು ಬೀದಿಯ ಅಂಗಡಿಯಲ್ಲೇ ದೊರೆಯುತ್ತವೆ. ಆದರೆ ಕೆಲವರ ಚರ್ಮ ಈ ಯೌವನವನ್ನು ಒಲ್ಲೆನೆನ್ನುತ್ತದೆ.

ತಿಂಗಳುಗಟ್ಟಲೆ ಹಿತವಾಗಿದ್ದ ಕ್ರೀಮು ಒಂದು ದಿನ ರೆಪ್ಪೆಗಳನ್ನು ಊದಿಸಿ, ಕೆನ್ನೆಯನ್ನು ಕೆಂಪಾಗಿಸಿ, ತುರಿಕೆಯನ್ನು ತರುತ್ತದೆ. ಮನೆಯಲ್ಲಿ ಮೊದಲು ಅಪವಾದ ಹೊರುವುದು ಬದನೆಕಾಯಿ. ‘ನಂಜು’ ಎಂದು ಅದನ್ನು ಅಡಿಗೆಮನೆಯಿಂದ ಗಡೀಪಾರು ಮಾಡುತ್ತಾರೆ. ಇಷ್ಟು ದಿನ ಒಗ್ಗಿದ ಕ್ರೀಮನ್ನು ಯಾರು ಶಂಕಿಸಿಯಾರು? ಚರ್ಮ ಒಣಗಿತೆಂದು ಅದನ್ನೇ ಇನ್ನಷ್ಟು ಬಳಿದುಕೊಳ್ಳುವವರೂ ಉಂಟು!

ಅಲರ್ಜಿಯ ಸ್ವಭಾವವೇ ಹಾಗೆ. ದೇಹದ ರಕ್ಷಕ ಕಣಗಳು ಒಂದು ವಸ್ತುವನ್ನು ಶತ್ರುವೆಂದು ಗುರುತಿಸಲು ವಾರಗಳೇ ಹಿಡಿಯಬಹುದು, ವರ್ಷಗಳೇ ಹಿಡಿಯಬಹುದು. ಗುರುತಿಸಿದ ಮೇಲೆ ಅಲ್ಪ ಲೇಪನವೂ ಸಾಕು. ಆದರೆ ಚರ್ಮ ಕೆರಳುವುದು ಒಂದೆರಡು ದಿನ ಕಳೆದು. ಆದುದರಿಂದಲೇ ಅಪರಾಧಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ರೆಟಿನಾಲ್ ಬಳಸತೊಡಗಿದವರಿಗೆ ಮೊದಲ ವಾರಗಳಲ್ಲಿ ಉರಿಯಾಗಿ ಸಿಪ್ಪೆಯೇಳುವುದು ಬಹುಮಟ್ಟಿಗೆ ಬೇರೆಯ ಮಾತು. ಅದು ಅಲರ್ಜಿಯಲ್ಲ, ಬರಿಯ ಕೆರಳಿಕೆ. ಬಳಕೆ ಕಡಿಮೆ ಮಾಡಿದರೆ ಇಳಿಯುತ್ತದೆ.

ಅಲರ್ಜಿಗೆ ಕಾರಣ ಅನೇಕ ವೇಳೆ ಸುಕ್ಕಳಿಸುವ ದ್ರವ್ಯವಲ್ಲ. ಕ್ರೀಮಿಗೆ ಕಂಪು ಕೊಡುವ ಸುಗಂಧ, ಇಲ್ಲವೆ ಅದು ಕೆಡದಂತೆ ಕಾಯುವ ರಾಸಾಯನಿಕ. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕವನ್ನು ಯೂರೋಪಿನಲ್ಲಿ 2005ರಲ್ಲಿ ಹತ್ತು ಲಕ್ಷಕ್ಕೆ 100 ಭಾಗದಂತೆ ಸೌಂದರ್ಯಸಾಧನಗಳಲ್ಲಿ ಬಳಸಲು ಅನುಮತಿಸಲಾಯಿತು. ಕೆಲವೇ ವರ್ಷಗಳಲ್ಲಿ ಚರ್ಮವೈದ್ಯರ ಬಳಿ ರೋಗಿಗಳ ಸಾಲು ಬೆಳೆಯಿತು. 2013ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅದಕ್ಕೆ ‘ವರ್ಷದ ಅಲರ್ಜಿಕಾರಕ’ ಎಂಬ ಬಿರುದನ್ನಿತ್ತಿತು. ಹಚ್ಚಿ ತೊಳೆಯದೆ ಬಿಡುವ ಲೇಪನಗಳಲ್ಲಿ 2017ರಿಂದ ಯೂರೋಪಿನ ಒಕ್ಕೂಟ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಅಲರ್ಜಿ ತಗಲಿದವರಿಗೆ ಈ ನಿಷೇಧ ಪರಿಹಾರವಾಗಲಿಲ್ಲ. ದೇಹದ ನೆನಪು ಸಾಮಾನ್ಯವಾಗಿ ಅಳಿಯದು.

‘ನೈಸರ್ಗಿಕ’ ಎಂಬ ಅಕ್ಷರಗಳನ್ನು ಕಂಡು ನಿಶ್ಚಿಂತರಾಗುವಂತೆಯೂ ಇಲ್ಲ. ಹಸಿ ಗೇರುಬೀಜದ ಸೊನೆಯೂ ನಿಸರ್ಗದತ್ತವೇ, ತಾಗಿದಲ್ಲಿ ಬೊಕ್ಕೆಯೇಳುತ್ತದೆ! ಹೂವು ಹುಲ್ಲುಗಳ ಸುಗಂಧತೈಲಗಳೂ ಹಲವರಿಗೆ ಆಗಿಬರುವುದಿಲ್ಲ.

ಅಪರಾಧಿಯನ್ನು ಹಿಡಿಯುವ ಉಪಾಯ ಹಳೆಯದು. 1895ರಲ್ಲಿ ಜರ್ಮನಿಯ ವೈದ್ಯ ಯೋಸೆಫ್ ಯಾಡಸ್ಸೋನ್ ತೋರಿಸಿಕೊಟ್ಟ ಪ್ಯಾಚ್ ಪರೀಕ್ಷೆಯೇ ಇಂದಿಗೂ ಆಧಾರ. ಶಂಕಿತ ವಸ್ತುಗಳನ್ನು ಬೆನ್ನಿಗೆ ಪಟ್ಟಿಗಳಲ್ಲಿ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಪರೀಕ್ಷೆಗೆ ಹೋಗುವವರು ಕ್ರೀಮಿನೊಡನೆ ಅದರ ರಟ್ಟಿನ ಪೆಟ್ಟಿಗೆಯನ್ನೂ ಒಯ್ಯಬೇಕು. ಒಳಗಿರುವ ದ್ರವ್ಯಗಳ ಹೆಸರು ಇರುವೆಸಾಲಿನಂತೆ ಅಚ್ಚಾಗಿರುವುದು ಹಲವು ಬಾರಿ ಅದರ ಮೇಲೆಯೇ.