ಒಂದು ಪಕ್ಷದ ಒಳಮನೆ, ಒಂದು ಚುನಾವಣೆ

ಪ್ರಧಾನಿ ನರೇಂದ್ರ ಮೋದಿ, ದೆಹಲಿಯ ಮಾಜಿ ಮುಖ್ಯಮಂತ್ರಿ ಶೀಲಾ ದೀಕ್ಷಿತ್, ಆಗ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್– ಈ ಮೂವರಿಂದಲೂ ನಿರಾಕ್ಷೇಪಣಾ ಪತ್ರ ತನ್ನಿ, ಆಮೇಲೆ ನೋಡೋಣ. 2017ರಲ್ಲಿ ತಮ್ಮ ಸಾಕ್ಷ್ಯಚಿತ್ರವನ್ನು ಪ್ರಮಾಣಪತ್ರಕ್ಕೆ ಒಯ್ದಿದ್ದ ಖುಷ್ಬೂ ರಾಂಕಾ ಮತ್ತು ವಿನಯ್ ಶುಕ್ಲಾ ಎಂಬ ಯುವ ನಿರ್ದೇಶಕರಿಗೆ ಸೆನ್ಸಾರ್ ಮಂಡಳಿಯಿಂದ ಸಿಕ್ಕ ಉತ್ತರ ಇದು. ಮಂಡಳಿಯ ಅಧ್ಯಕ್ಷರಾಗಿದ್ದವರು ಪಹ್ಲಾಜ್ ನಿಹಲಾನಿ. ಚಿತ್ರದ ಹೆಸರು ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’. 2016ರ ಟೊರಾಂಟೊ ಚಿತ್ರೋತ್ಸವದಲ್ಲಿ ಆಗಲೇ ತೆರೆಕಂಡಿದ್ದ ಚಿತ್ರವನ್ನು ಸ್ವದೇಶದ ಪ್ರೇಕ್ಷಕರಿಗೆ ತೋರಿಸಲು ನಿರ್ದೇಶಕರು ಮೇಲ್ಮನವಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿ ಗೆದ್ದ ಮೇಲೂ ಸುಪ್ರೀಂ ಕೋರ್ಟ್‌ನಲ್ಲಿ ತಡೆ ಕೋರಿ ಅರ್ಜಿ ಬಂತು. ಕೇಜ್ರಿವಾಲ್ ಮೇಲೆ ಪತ್ರಿಕಾಗೋಷ್ಠಿಯಲ್ಲಿ ಶಾಯಿ ಎರಚಿದ ಆರೋಪ ಹೊತ್ತಿದ್ದ ವ್ಯಕ್ತಿಯೊಬ್ಬರು ಸಲ್ಲಿಸಿದ್ದ ಆ ಅರ್ಜಿಯನ್ನು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಪೀಠ ತಳ್ಳಿಹಾಕಿತು. ಮರುದಿನ, 2017ರ ನವೆಂಬರ್ 17ರಂದು, ಚಿತ್ರ ಬಿಡುಗಡೆಯಾಯಿತು. ಅಂದು ನಿರ್ದೇಶಕರ ಕೈಹಿಡಿದ ಆ ಮೇಲ್ಮನವಿ ನ್ಯಾಯಮಂಡಳಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ರದ್ದು ಮಾಡಿದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಇಷ್ಟೊಂದು ಅಂಜಿಕೆ ಹುಟ್ಟಿಸಿದ ಚಿತ್ರದಲ್ಲಿ ಅಂಥದ್ದೇನಿದೆ?

2012ರ ನವೆಂಬರ್‌ನಲ್ಲಿ ಆಮ್ ಆದ್ಮಿ ಪಕ್ಷ ಹುಟ್ಟಿತು. 2013ರ ಡಿಸೆಂಬರ್‌ನಲ್ಲಿ ಅದು ದೆಹಲಿ ವಿಧಾನಸಭೆಯ ತನ್ನ ಮೊದಲ ಚುನಾವಣೆ ಎದುರಿಸಿತು. ನಡುವಿನ ಒಂದು ವರ್ಷ ರಾಂಕಾ ಮತ್ತು ಶುಕ್ಲಾ ಕ್ಯಾಮೆರಾ ಹಿಡಿದು ಪಕ್ಷದ ಬೆನ್ನುಬಿದ್ದರು. ಮೊಹಲ್ಲಾ ಸಭೆ, ಧರಣಿ, ಕಾರಿನೊಳಗಿನ ಮಾತು, ಬಾಗಿಲು ಮುಚ್ಚಿ ನಡೆದ ಚರ್ಚೆ ಎಲ್ಲ ಕಡೆಯೂ ಅವರಿದ್ದರು. ಸೆರೆಯಾದದ್ದು 400 ಗಂಟೆಗೂ ಮೀರಿದ ದೃಶ್ಯಗಳು. ಸಂಕಲನದ ಮೇಜಿನಿಂದ ಎದ್ದು ಬಂದದ್ದು ಸುಮಾರು ಒಂದೂವರೆ ಗಂಟೆಯ ಚಿತ್ರ. ಹಿನ್ನೆಲೆಯಲ್ಲಿ ವಿವರಣೆ ಕೊಡುವ ದನಿ ಇಲ್ಲ. ಕುರ್ಚಿಯಲ್ಲಿ ಕೂತು ವಿಶ್ಲೇಷಿಸುವ ಪಂಡಿತರಿಲ್ಲ. ನಡೆದದ್ದನ್ನು ನಡೆದ ಹಾಗೆ ನೋಡುತ್ತಾ ಹೋಗುವುದಷ್ಟೇ ಪ್ರೇಕ್ಷಕನ ಪಾಲಿನ ಕೆಲಸ.

ಈ ಬಗೆಯ ಚಿತ್ರಗಳಿಗೆ ಅಮೆರಿಕದಲ್ಲಿ ಹಳೆಯ ಪರಂಪರೆಯಿದೆ. 1960ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಸ್ಥಾನಕ್ಕಾಗಿ ಜಾನ್ ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ಸೆಣಸಿದಾಗ ರಾಬರ್ಟ್ ಡ್ರೂ ತಂಡ ಹಗುರ ಕ್ಯಾಮೆರಾ ಹೊತ್ತು ಇಬ್ಬರ ಹಿಂದೆಯೂ ಓಡಾಡಿ ‘ಪ್ರೈಮರಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಕಿಕ್ಕಿರಿದ ಸಭಾಂಗಣದಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಸಾಗುವ ಕೆನಡಿಯ ತಲೆಯ ಹಿಂದೆಯೇ ಕ್ಯಾಮೆರಾ ಹೋಗುವ ಆ ದೃಶ್ಯ ಇಂದಿಗೂ ಚಿತ್ರಶಾಲೆಗಳಲ್ಲಿ ಪಾಠ. ವೇದಿಕೆ ಮೇಲೆ ಮಾತಾಡುವ ಕೆನಡಿಯ ಪತ್ನಿ ಜಾಕ್ವೆಲಿನ್ ಅವರ ಬೆನ್ನ ಹಿಂದೆ ಅವರ ಕೈಗವಸಿನ ಬೆರಳುಗಳು ಚಡಪಡಿಸುವುದನ್ನೂ ಆ ಚಿತ್ರ ಬಿಡಲಿಲ್ಲ. 1993ರ ‘ದಿ ವಾರ್ ರೂಮ್’ಗೆ ಅಭ್ಯರ್ಥಿ ಬಿಲ್ ಕ್ಲಿಂಟನ್ ಹತ್ತಿರ ಹೋಗಲು ಅವಕಾಶ ಅಷ್ಟಾಗಿ ಸಿಗಲಿಲ್ಲ, ಹಾಗಾಗಿ ಅದು ಪ್ರಚಾರ ತಂತ್ರಜ್ಞರಾದ ಜೇಮ್ಸ್ ಕಾರ್ವಿಲ್ ಮತ್ತು ಜಾರ್ಜ್ ಸ್ಟೆಫನೋಪುಲಸ್ ಅವರನ್ನೇ ನಾಯಕರನ್ನಾಗಿಸಿಕೊಂಡಿತು. ಭಾರತದಲ್ಲಿ ಪಕ್ಷವೊಂದರ ಒಳಮನೆಗೆ ಇಷ್ಟು ಹತ್ತಿರದಿಂದ ಹೊಕ್ಕ ಕ್ಯಾಮೆರಾ ಅಪರೂಪ. ಹೊಸ ಪಕ್ಷಕ್ಕೆ ಮುಚ್ಚಿಡಬೇಕಾದ್ದು ಹೆಚ್ಚೇನೂ ಇರಲಿಲ್ಲ. ಮುಚ್ಚಿಡುವ ಚಾಲಾಕಿತನವೂ ಇನ್ನೂ ಬಂದಿರಲಿಲ್ಲ.

ಚಿತ್ರದ ದೊಡ್ಡ ಬಲ ಈ ಸಾಮೀಪ್ಯವೇ. ಕೇಜ್ರಿವಾಲ್ ಮತ್ತು ಯೋಗೇಂದ್ರ ಯಾದವ್ ಎಂಬ ಭಿನ್ನ ಸ್ವಭಾವದ ಇಬ್ಬರು ನಾಯಕರನ್ನು ಅದು ಅಕ್ಕಪಕ್ಕ ಕೂರಿಸಿ ತೋರಿಸುತ್ತದೆ. ಒಬ್ಬರಿಗೆ ಬೀದಿ, ಮೈಕು, ಮುಷ್ಕರ. ಇನ್ನೊಬ್ಬರಿಗೆ ಸಮೀಕ್ಷೆ, ಲೆಕ್ಕಾಚಾರ, ತೂಕದ ಮಾತು. ಅಭ್ಯರ್ಥಿಗಳ ಆಯ್ಕೆ ಬಂದಾಗ ಪಕ್ಷದ ನಿಜ ಪರೀಕ್ಷೆ ಶುರುವಾಗುತ್ತದೆ. ಟಿಕೆಟ್ ಹಂಚಿಕೆ ಜನರ ಕೈಯಲ್ಲಿ ಎಂದು ಸಾರಿದ ಪಕ್ಷದಲ್ಲೇ ‘ಎಲ್ಲ ಮೇಲಿನವರೇ ತೀರ್ಮಾನಿಸುತ್ತಿದ್ದಾರೆ’ ಎಂದು ಕಾರ್ಯಕರ್ತರು ಸಿಡಿಯುತ್ತಾರೆ. ಕ್ಯಾಮೆರಾ ಆ ಸಿಟ್ಟಿನಿಂದ ಕಣ್ಣು ತಪ್ಪಿಸುವುದಿಲ್ಲ. ಚಿತ್ರ ಭಾರತದಲ್ಲಿ ತೆರೆಕಾಣುವ ಹೊತ್ತಿಗೆ ಯಾದವ್ ಹಾಗೂ ಇನ್ನೊಬ್ಬ ನಾಯಕ ಪ್ರಶಾಂತ್ ಭೂಷಣ್ ಪಕ್ಷದಿಂದ ಉಚ್ಚಾಟಿತರಾಗಿ ಎರಡು ವರ್ಷ ಕಳೆದಿತ್ತು. ಆ ಒಡಕಿನ ಬೇರು ಎಲ್ಲಿತ್ತೆಂಬುದನ್ನು ಯಾವ ಟಿ.ವಿ. ಚರ್ಚೆಯೂ ಈ ಚಿತ್ರದಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಸಂತೋಷ್ ಕೋಲಿ ಅವರ ಭಾಗವಂತೂ ಎದೆ ಹಿಂಡುತ್ತದೆ. ಸುಂದರ್ ನಗರಿಯ ಬಡ ಕುಟುಂಬದ ಈ ಯುವತಿ ಕೇಜ್ರಿವಾಲ್ ಅವರ ‘ಪರಿವರ್ತನ್’ ಸಂಸ್ಥೆಯ ದಿನಗಳಿಂದಲೂ ಪಡಿತರ ಅಕ್ರಮಗಳ ವಿರುದ್ಧ ಹೋರಾಡಿದವರು. ಸೀಮಾಪುರಿಯಿಂದ ಪಕ್ಷದ ಅಭ್ಯರ್ಥಿಯೆಂದು ಘೋಷಣೆಯಾಗಿತ್ತು. ಅಷ್ಟರಲ್ಲಿ ರಸ್ತೆ ಅಪಘಾತ. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು 2013ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅದು ಬರಿಯ ಅಪಘಾತವಲ್ಲ ಎಂದು ಪಕ್ಷ ಶಂಕಿಸಿತು. ಅವರ ತಮ್ಮ ಧರ್ಮೇಂದರ್ ಅದೇ ಕ್ಷೇತ್ರದಿಂದ ನಿಂತು ಗೆದ್ದರು. ಹೋರಾಟಗಾರ್ತಿಯೊಬ್ಬಳನ್ನು ಕಳೆದುಕೊಂಡ ಮನೆಯ ದುಃಖ ಮತ್ತು ಆ ದುಃಖ ಚುನಾವಣಾ ವೇದಿಕೆ ಏರುವ ಪರಿ ಎರಡೂ ಒಟ್ಟಿಗೆ ಎದುರಾದಾಗ ಪ್ರೇಕ್ಷಕನ ಮನಸ್ಸು ಕಸಿವಿಸಿಗೊಳ್ಳುತ್ತದೆ. ಆ ಕಸಿವಿಸಿಯನ್ನು ಬಗೆಹರಿಸದೆ ಹಾಗೇ ಬಿಟ್ಟಿದ್ದು ನಿರ್ದೇಶಕರ ಪ್ರಾಮಾಣಿಕತೆ.

ಆದರೆ ಕ್ಯಾಮೆರಾಗೆ ತೆರೆದ ಬಾಗಿಲು ಒಂದೇ ಪಕ್ಷದ್ದು. ಅಲ್ಲಿಂದಲೇ ಚಿತ್ರದ ಕೊರತೆಗಳೂ ಶುರುವಾಗುತ್ತವೆ.

1998ರಿಂದ ಸತತ ಹದಿನೈದು ವರ್ಷ ದೆಹಲಿ ಆಳಿದ ಕಾಂಗ್ರೆಸ್ಸಿನ ಶೀಲಾ ದೀಕ್ಷಿತ್ ಇಲ್ಲಿ ಹೆಚ್ಚೂಕಡಿಮೆ ಹೊಸಬನನ್ನು ಹಗುರವಾಗಿ ಕಂಡ ದರ್ಪದ ನಾಯಕಿ. ಮೆಟ್ರೊ, ಮೇಲ್ಸೇತುವೆ, ಸಿಎನ್‌ಜಿ ಬಸ್ಸುಗಳ ಕಾಲದ ಮುಖ್ಯಮಂತ್ರಿ ಮೂರು ಬಾರಿ ಗೆದ್ದದ್ದು ಹೇಗೆ, ಸೋತದ್ದು ಏಕೆ ಎಂಬುದಕ್ಕೆ ಚಿತ್ರದಲ್ಲಿ ಜಾಗವಿಲ್ಲ. ಬಿಜೆಪಿಯದ್ದಂತೂ ದೂರದ ಸದ್ದು. ಅಸಲಿಗೆ 2013ರಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷ ಅದೇ: ಬಿಜೆಪಿ 31, ಆಮ್ ಆದ್ಮಿ 28, ಕಾಂಗ್ರೆಸ್ 8. ಮೊದಲ ಸ್ಥಾನ ಪಡೆದ ಪಕ್ಷವನ್ನೇ ಅಂಚಿಗೆ ಸರಿಸಿದರೆ ಅದು ಚುನಾವಣೆಯ ಚಿತ್ರವಾಗಿ ಅರ್ಧ ಉಳಿಯುತ್ತದೆ.

ಮತದಾರನ ಪಾಡೂ ಹಾಗೇ. ವಿದ್ಯುತ್ ಬಿಲ್ ಹಿಡಿದು ಬಂದವರು, ಟೋಪಿ ತೊಟ್ಟವರು, ಪೊರಕೆ ಎತ್ತಿದವರು ಕಾಣುತ್ತಾರೆ. ಅವರ ಜೊತೆ ಹೆಚ್ಚು ಹೊತ್ತು ಕೂರುವ ವ್ಯವಧಾನ ಚಿತ್ರಕ್ಕಿಲ್ಲ. ಇದಕ್ಕೆ ಹೋಲಿಸಿದರೆ ಕಮಲ್ ಸ್ವರೂಪ್ ಅವರ ‘ಬ್ಯಾಟಲ್ ಫಾರ್ ಬನಾರಸ್’ ತೀರಾ ಬೇರೆ. 2014ರಲ್ಲಿ ಮೋದಿ ಮತ್ತು ಕೇಜ್ರಿವಾಲ್ ಎದುರುಬದುರಾದ ವಾರಾಣಸಿಯಲ್ಲಿ ತೆಗೆದ ಆ ಚಿತ್ರದಲ್ಲಿ ಜನಜಂಗುಳಿಯೇ ನಾಯಕ. ಅದಕ್ಕೂ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ.

ಹಣದ ವಿಷಯಕ್ಕೂ ಬರಬೇಕು. ದಿನಕ್ಕೆ 700 ಲೀಟರ್ ನೀರು ಉಚಿತ, ವಿದ್ಯುತ್ ದರ ಅರ್ಧಕ್ಕೆ ಇಳಿಕೆ ಎಂಬ ಭರವಸೆಗಳೇ ಆ ಚುನಾವಣೆಯ ಜೀವಾಳ. ಬೊಕ್ಕಸ ಇದನ್ನು ಹೇಗೆ ಹೊರುತ್ತದೆ ಎಂಬ ಪ್ರಶ್ನೆಯ ಆಳಕ್ಕೆ ಚಿತ್ರ ಇಳಿಯುವುದಿಲ್ಲ. ಚಿತ್ರ ತಯಾರಿಗೆ ಸಾರ್ವಜನಿಕರೂ ದೇಣಿಗೆ ಕೊಟ್ಟಿದ್ದರು: ಅಂತರ್ಜಾಲದಲ್ಲಿ 20 ಸಾವಿರ ಡಾಲರ್ ಕೇಳಿದ್ದಕ್ಕೆ ಸುಮಾರು 1.2 ಲಕ್ಷ ಡಾಲರ್ ಬಂತು. ಕೊಟ್ಟವರಲ್ಲಿ ಆ ಹೊಸ ರಾಜಕೀಯದ ಬಗ್ಗೆ ಆಸೆ ಇಟ್ಟವರು ಬಹಳ ಇದ್ದಿರಲಿಕ್ಕೇ ಬೇಕು. ನಿರ್ದೇಶಕರು ಅದಕ್ಕೆ ಮಣಿದು ಪ್ರಚಾರಚಿತ್ರ ಮಾಡಲಿಲ್ಲ, ನಿಜ. ಆದರೂ ಗೆಲುವಿನ ಕಡೆಗೆ ಏರುವ ಕಥನದ ಲಯ ಮತ್ತು ಅದಕ್ಕೆ ಹುರುಪು ತುಂಬುವ ಸಂಗೀತದಲ್ಲಿ ಒಲವು ಯಾವ ಕಡೆ ಎಂಬುದು ಅಡಗುವುದಿಲ್ಲ.

ಚಿತ್ರದ ಕಥನ 2013ರ ಚುನಾವಣೆಗೇ ಮುಗಿಯುತ್ತದೆ. ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ ರಚನೆಯಾಗಿ 49 ದಿನಕ್ಕೆ ರಾಜೀನಾಮೆ ಕೊಟ್ಟ ಸರ್ಕಾರ, 2015ರಲ್ಲಿ 70ಕ್ಕೆ 67 ಸ್ಥಾನ, 2024ರಲ್ಲಿ ಮುಖ್ಯಮಂತ್ರಿಯ ಬಂಧನ ಎಲ್ಲ ಆಮೇಲಿನ ಮಾತು. 2013ರಲ್ಲಿ ಶೀಲಾ ದೀಕ್ಷಿತ್ ಅವರನ್ನು 25,864 ಮತಗಳಿಂದ ಮಣಿಸಿದ ನವದೆಹಲಿ ಕ್ಷೇತ್ರದಲ್ಲೇ 2025ರ ಫೆಬ್ರುವರಿಯಲ್ಲಿ ಕೇಜ್ರಿವಾಲ್ 4,089 ಮತಗಳಿಂದ ಸೋತರು. ಅಲ್ಲಿ ಮೂರನೆಯವರಾದ ಕಾಂಗ್ರೆಸ್ ಅಭ್ಯರ್ಥಿ ಪಡೆದ ಮತ 4,568. ಅವರು ಶೀಲಾ ಅವರ ಮಗ ಸಂದೀಪ್ ದೀಕ್ಷಿತ್. ಈ ಅಂಕಿಗಳನ್ನು ತಿಳಿದು ಮತ್ತೆ ನೋಡಿದರೆ ಹಳೆಯ ದೃಶ್ಯಗಳ ಬಣ್ಣವೇ ಬದಲಾಗುತ್ತದೆ.

ದೆಹಲಿಯ 2013ರ ಚುನಾವಣೆ ಏನೆಂದು ಪೂರ್ತಿ ತಿಳಿಯಬಯಸುವವರಿಗೆ ಈ ಚಿತ್ರ ಸಾಲದು. ಪಕ್ಷವೊಂದು ಹೇಗೆ ಹುಟ್ಟಿ, ಹೇಗೆ ಬಲಿತು, ಯಾವ ಕ್ಷಣದಿಂದ ಉಳಿದ ಪಕ್ಷಗಳ ಹಾದಿ ಹಿಡಿಯುತ್ತದೆ ಎಂದು ಅರಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನಮ್ಮಲ್ಲಿ ಸಿಗುವುದು ಕಷ್ಟ. ಮೊದಲ ಸಲ ಮತ ಹಾಕಲಿರುವ ಹುಡುಗ ಹುಡುಗಿಯರು, ಯಾವುದೇ ಪಕ್ಷದ ಬಾವುಟ ಹಿಡಿಯುವ ಮುನ್ನ, ಇದನ್ನೊಮ್ಮೆ ನೋಡಬೇಕು. ಟಿಕೆಟ್ ಹಂಚಿಕೆಯ ಆ ದೃಶ್ಯಗಳನ್ನಂತೂ ತಪ್ಪಿಸಬಾರದು.