ಸಾಂಗ್: ದನಿಗೆ ದನಿ ಕೂಡಿಸುವವರ ಆಟ

ಹರಿಯಾಣದ ಬಯಲಾಟದಲ್ಲಿ ನಾಯಕನಷ್ಟೇ ಮುಖ್ಯರಾದವರು ಅವನ ಹಿಂದೆ ಕೂತವರು. ಹಾಡಿನ ಸಾಲನ್ನು ಎತ್ತಿಕೊಂಡು ಊರಿಗೆ ಕೇಳಿಸುವವರು, ನೆನಪಿನಲ್ಲಿಟ್ಟು ಮುಂದಿನ ತಲೆಮಾರಿಗೆ ದಾಟಿಸುವವರು ಅವರೇ.

ದೆಹಲಿಯಿಂದ ಹೊರಡುವ 48ನೇ ರಾಷ್ಟ್ರೀಯ ಹೆದ್ದಾರಿ ಗುರುಗ್ರಾಮ ದಾಟಿ, ಅರಾವಳಿಯ ಕುರುಚಲು ಗುಡ್ಡಗಳ ಮಗ್ಗುಲಿಗೆ ಬಂದಾಗ ಮಾನೇಸರ್ ಸಿಗುತ್ತದೆ. ಇದೇ ರಸ್ತೆ ಜೈಪುರ, ಮುಂಬೈ, ಪುಣೆಗಳನ್ನು ಹಾದು ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ತುಮಕೂರು, ಬೆಂಗಳೂರುಗಳನ್ನು ಮುಟ್ಟಿ ಚೆನ್ನೈ ಸೇರುತ್ತದೆ. ಮಾನೇಸರ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾರು, ಬೈಕು ತಯಾರಿಸುವ ಕಾರ್ಖಾನೆಗಳು ಮತ್ತು ಎನ್‌ಎಸ್‌ಜಿ ಕಮಾಂಡೊಗಳ ನೆಲೆ. ಆದರೆ ಕೈಗಾರಿಕಾ ಪ್ರದೇಶದ ಕಾಂಪೌಂಡಿನಾಚೆ ಹಳ್ಳಿಗಳಿವೆ. ಆ ಹಳ್ಳಿಗಳ ಹರಿಯಾಣಕ್ಕೆ ತನ್ನದೇ ಆದ ಬಯಲಾಟವೊಂದಿದೆ. ಅದರ ಹೆಸರು ಸಾಂಗ್.

ಬೈಲಹೊಂಗಲದ ಕಡೆಯ ಸಣ್ಣಾಟವನ್ನೋ ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೋ ನೋಡಿ ಬೆಳೆದ ಕನ್ನಡಿಗರಿಗೆ ಸಾಂಗ್ ಅಪರಿಚಿತ ಎನಿಸುವುದಿಲ್ಲ. ಮಾತು ತಿಳಿಯದಿರಬಹುದು, ಆಟದ ನಡೆ ತಿಳಿಯುತ್ತದೆ. ಒಬ್ಬ ಸಾಲು ಹಾಡುತ್ತಾನೆ, ಹಿಂದಿದ್ದವರು ಅದನ್ನು ಎತ್ತಿಕೊಳ್ಳುತ್ತಾರೆ. ಹೆದ್ದಾರಿಯ ಆ ತುದಿಗೂ ಈ ತುದಿಗೂ ಸಾಮಾನ್ಯವಾದದ್ದು ಈ ಹಿಮ್ಮೇಳ.

ನಾಲ್ಕೂ ದಿಕ್ಕಿಗೆ ಮುಖ

ಸಾಂಗ್‌ಗೆ ಪರದೆಯಿಲ್ಲ, ಸೀನರಿಯಿಲ್ಲ, ನೇಪಥ್ಯವಿಲ್ಲ. ಊರಿನ ಬಯಲಿನಲ್ಲಿ ಮರದ ಹಲಗೆಮಂಚಗಳನ್ನು ಜೋಡಿಸಿದರೆ ಅದೇ ರಂಗ. ಸುತ್ತಲೂ ಜನ. ವಾದ್ಯದವರು ರಂಗದ ಮೇಲೆಯೇ ಕೂರುತ್ತಾರೆ. ಸಾರಂಗಿ, ಢೋಲಕ್, ನಗಾರಿ, ಹಾರ್ಮೋನಿಯಂ ಇದರ ಮುಖ್ಯ ವಾದ್ಯಗಳು. ಪಾತ್ರಧಾರಿಗಳೂ ಅವರ ಜೊತೆಗೇ ಕೂತಿರುತ್ತಾರೆ. ತಮ್ಮ ಸರದಿ ಬಂದಾಗ ಎದ್ದು ಹಾಡಿ, ಆಡಿ, ಮತ್ತೆ ಬಂದು ಕೂತು ಹಿಮ್ಮೇಳಕ್ಕೆ ದನಿಗೂಡಿಸುತ್ತಾರೆ. ಈಗಷ್ಟೇ ರಾಜನಾಗಿದ್ದವನು ಮರುಗಳಿಗೆ ರಾಣಿಯ ಹಾಡಿಗೆ ದನಿ ಕೊಡುತ್ತಾನೆ. ಸಾಂಪ್ರದಾಯಿಕ ಸಾಂಗ್‌ನಲ್ಲಿ ಸ್ತ್ರೀಪಾತ್ರಗಳನ್ನೂ ಗಂಡಸರೇ ಮಾಡುತ್ತಾರೆ.

ಆಟವನ್ನು ನಡೆಸುವುದು ರಾಗಿನಿ ಎಂಬ ಹಾಡು. ಅದರ ಪಲ್ಲವಿಗೆ ಟೇಕ್ ಎನ್ನುತ್ತಾರೆ, ಚರಣಕ್ಕೆ ಕಲಿ. ಹಾಡುಗಾರ ಒಂದೊಂದು ಕಲಿ ಮುಗಿಸಿದಾಗಲೂ ಹಿಮ್ಮೇಳ ಟೇಕ್ ಎತ್ತಿಕೊಳ್ಳುತ್ತದೆ. ಇದರ ಪ್ರಯೋಜನ ತಿಳಿಯಬೇಕಾದರೆ ಮೈಕ್ ಇಲ್ಲದ ಕಾಲವನ್ನು ನೆನೆಯಬೇಕು. ನಾಲ್ಕೂ ದಿಕ್ಕಿಗೆ ಜನ ಕೂತಿರುವಾಗ ಹಾಡುಗಾರ ಯಾವ ಕಡೆ ತಿರುಗಿದರೂ ಉಳಿದ ಮೂರು ಕಡೆಯವರಿಗೆ ದನಿ ಕಮ್ಮಿಯೇ. ಹಿಮ್ಮೇಳ ಅದೇ ಸಾಲನ್ನು ಹತ್ತು ಗಂಟಲಿನಲ್ಲಿ ಎತ್ತಿದಾಗ ಕೊನೆಯ ಸಾಲಿನ ಅಜ್ಜನಿಗೂ ಪದ ಕೇಳಿಸುತ್ತದೆ. ಅಷ್ಟರಲ್ಲಿ ಹಾಡುಗಾರನ ಗಂಟಲಿಗೆ ವಿರಾಮ ಸಿಗುತ್ತದೆ, ಮುಂದಿನ ಕಲಿ ನೆನಪಿಗೆ ಬರುತ್ತದೆ. ಗಂಟೆಗಟ್ಟಲೆ ನಡೆಯುವ ಆಟವನ್ನು ಒಬ್ಬನೇ ಎಳೆಯುವುದು ಸಾಧ್ಯವಿಲ್ಲ. ಹಿಮ್ಮೇಳ ಎಳೆಯುತ್ತದೆ.

ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ದಮಯಂತಿಯನ್ನು ಕಾಡಿನಲ್ಲಿ ಬಿಟ್ಟು ಹೊರಟ ನಳ ತನ್ನ ಸಂಕಟ ಹಾಡಿಕೊಳ್ಳುವಾಗ ಅದು ಅವನೊಬ್ಬನ ಅಳಲು. ಹಿಮ್ಮೇಳ ಅದೇ ಮಾತನ್ನು ಮರಳಿ ಹಾಡಿದಾಗ ಅದು ಊರಿನ ಅಳಲಾಗುತ್ತದೆ. ಪಾತ್ರದ ದುಃಖಕ್ಕೆ ಸಾಕ್ಷಿ ನಿಲ್ಲುವ ದನಿ ಅದು.

ಬೇಡಾ ಎಂಬ ಪಾಠಶಾಲೆ

ಸಾಂಗ್ ತಂಡವನ್ನು ಹರಿಯಾಣದಲ್ಲಿ ಬೇಡಾ ಎನ್ನುತ್ತಾರೆ. ಸಾಂಗ್‌ನ ಮೊದಲಿಗನೆಂದು ಪರಂಪರೆ ಹೆಸರಿಸುವುದು ಕಿಶನ್‌ಲಾಲ್ ಭಾಟ್ ಎಂಬಾತನನ್ನು. ಮಾನೇಸರ್‌ನಿಂದ ದಕ್ಷಿಣಕ್ಕೆ, ಅಲ್ವರ್ ಸೀಮೆಯ ಮುಂಡಾವರದಲ್ಲಿ 19ನೇ ಶತಮಾನದಲ್ಲಿದ್ದ ಅಲೀಬಕ್ಷ್ ಮುಸ್ಲಿಂ ಮನೆತನದವರಾಗಿದ್ದು ಕೃಷ್ಣಲೀಲೆಯ ಆಟಗಳನ್ನು ಕಟ್ಟಿದರು. ಖ್ಯಾಲ್ ಎಂದು ಹೆಸರಾದ ಆ ಆಟಗಳು ರೇವಾಡಿ ಕಡೆಯ ಹಳ್ಳಿಗಳಲ್ಲೂ ಮೆರೆದವು. ಆದರೆ ಸಾಂಗ್‌ನ ಹೃದಯಭಾಗವಿರುವುದು ದೆಹಲಿಯ ಆಚೆ ಬದಿಯ ಸೋನಿಪತ್, ರೋಹ್ಟಕ್ ಸೀಮೆಗಳಲ್ಲಿ. 20ನೇ ಶತಮಾನದಲ್ಲಿ ದೀಪಚಂದ್, ಬಾಜೇ ಭಗತ್, ಲಖ್ಮಿಚಂದ್, ಮಾಂಗೇರಾಮ್, ಧನಪತ್ ಸಿಂಗ್ ಮುಂತಾದವರು ಅದನ್ನು ಮನೆಮಾತಾಗಿಸಿದರು.

ಇವರಲ್ಲಿ ಸೂರ್ಯಕವಿ ಎಂದು ಹೆಸರಾದವರು ಪಂಡಿತ್ ಲಖ್ಮಿಚಂದ್. ಸೋನಿಪತ್ ಜಿಲ್ಲೆಯ ಜಾಂಟಿ ಕಲಾಂ ಹಳ್ಳಿಯಲ್ಲಿ 1903ರಲ್ಲಿ ಹುಟ್ಟಿ 1945ರಲ್ಲಿ ತೀರಿಕೊಂಡ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಕಣ್ಣು ಕಾಣದ ಗಾಯಕ ಮಾನ್‌ಸಿಂಗ್ ಅವರಿಂದ ಹಾಡು ಕಲಿತರು, ಬೇರೆಯವರ ಬೇಡಾದಲ್ಲಿ ಪಳಗಿದರು, ಆಮೇಲೆ ಸ್ವಂತ ಬೇಡಾ ಕಟ್ಟಿದರು. ‘ನಳ–ದಮಯಂತಿ’, ‘ಸತ್ಯವಾನ–ಸಾವಿತ್ರಿ’, ‘ಮೀರಾಬಾಯಿ’, ‘ಪದ್ಮಾವತ್’ ಮೊದಲಾದ ಆಟಗಳು ಅವರವು. ಅವರ ಶಿಷ್ಯ ಮಾಂಗೇರಾಮ್ ಮೊದಲು ಗಾಡಿ ಓಡಿಸುವ ಡ್ರೈವರ್ ಆಗಿದ್ದವರು. ಗುರುವಿನ ಬೇಡಾ ಸೇರಿ, ತಾವೂ ದೊಡ್ಡ ಸಾಂಗ್ ಕಲಾವಿದರಾಗಿ ಬೆಳೆದರು.

ಓದು ಬರಹ ಬಾರದ ಕವಿಯ ಪದಗಳು ಉಳಿದು ಬಂದದ್ದು ಹೇಗೆ ಎಂಬುದಕ್ಕೆ ಉತ್ತರ ಹಿಮ್ಮೇಳದಲ್ಲಿದೆ. ಹೊಸದಾಗಿ ಬಂದ ಹುಡುಗ ಮೊದಲು ಕೂರುವುದು ಅಲ್ಲಿ. ರಾತ್ರಿಯೆಲ್ಲ ಟೇಕ್ ಎತ್ತಿ ಎತ್ತಿ ಅವನಿಗೆ ಆಟವೇ ಬಾಯಿಪಾಠವಾಗುತ್ತದೆ. ತಪ್ಪಿದರೆ ಪಕ್ಕದವನ ದನಿ ತಿದ್ದುತ್ತದೆ. ನಮ್ಮಲ್ಲೂ ವೇದಪಾಠದ ಸಂಥೆ, ಶಾಲೆಯ ಮಗ್ಗಿ, ಭಜನಾ ಮಂಡಳಿಯ ಪದ, ಮದುವೆಮನೆಯ ಸೋಬಾನೆ ಎಲ್ಲವೂ ಹೀಗೆಯೇ ಬಾಯಿಂದ ಬಾಯಿಗೆ ಬಂದವು. ಗೀಗೀ ಪದದಲ್ಲಿ ದಪ್ಪು ಹಿಡಿದ ಮುಖ್ಯ ಹಾಡುಗಾರನ ಪಕ್ಕ ತುಂತುಣಿ ಮೀಟುತ್ತ ‘ಗೀಯ ಗೀಯ’ ಎನ್ನುವವನು ನಾಳೆ ತಾನೇ ದಪ್ಪು ಹಿಡಿಯುತ್ತಾನೆ.

ಬೇಡಾದ ಹಾಡಿಗೆ ಊರಿನ ಲೆಕ್ಕದಲ್ಲೂ ಬೆಲೆಯಿತ್ತು. ಊರಿಗೆ ಧರ್ಮಶಾಲೆ ಬೇಕು, ಕೆರೆ ಹೂಳೆತ್ತಬೇಕು, ಗೋಶಾಲೆ ಕಟ್ಟಬೇಕು, ಶಾಲೆಗೆ ಕೋಣೆ ಬೇಕು ಎಂದಾಗ ಹಿರಿಯರು ಸಾಂಗ್ ಕರೆಸುತ್ತಿದ್ದರು. ಆಟದಲ್ಲಿ ಕೂಡಿದ ಹಣ ಆ ಕೆಲಸಕ್ಕೆ ಹೋಗುತ್ತಿತ್ತು. ಹೀಗೆ ಕಟ್ಟಿದ ಕಟ್ಟಡಗಳು ಹರಿಯಾಣದ ಹಳ್ಳಿಗಳಲ್ಲಿವೆ.

ಮಿದುಳಿನ ಪ್ರಯೋಗಶಾಲೆಯಲ್ಲಿ

ಈ ಬಾಯಿಪಾಠದ ಶಕ್ತಿಯನ್ನು ಅಳೆದು ನೋಡಿದ ಸಂಸ್ಥೆಯೂ ಮಾನೇಸರ್‌ನಲ್ಲೇ ಇದೆ. ಇಲ್ಲಿನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ವೇದಪಂಡಿತರ ಮಿದುಳನ್ನು ಸ್ಕ್ಯಾನ್ ಮಾಡಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ಪಠಿಸಿ ಕಂಠಸ್ಥ ಮಾಡಿಕೊಂಡ 21 ಪಂಡಿತರ ಮಿದುಳನ್ನು ಅಷ್ಟೇ ಸಂಖ್ಯೆಯ ಇತರರ ಮಿದುಳಿನೊಡನೆ ಹೋಲಿಸಿದಾಗ ಭಾಷೆ, ನೆನಪುಗಳಿಗೆ ಸಂಬಂಧಿಸಿದ ಭಾಗಗಳಲ್ಲಿ ವ್ಯತ್ಯಾಸ ಕಂಡುಬಂತು. ಅದಕ್ಕೂ ಮುನ್ನ 2015ರಲ್ಲಿ ಇದೇ ಕೇಂದ್ರದ ಸಂಶೋಧಕರು ಹಿಂದೂಸ್ತಾನಿ ರಾಗಗಳ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು. ಒಂದೇ ರಾಗದ ಆಲಾಪ್ ಮತ್ತು ತಾಳ ಸೇರಿದ ಗತ್ ಎರಡನ್ನೂ ಸರೋದ್‌ನಲ್ಲಿ ಕೇಳಿಸಿದಾಗ ಕೇಳುಗರ ಭಾವ ಬೇರೆ ಬೇರೆಯಾಗಿತ್ತು, ಗತ್ ಹೆಚ್ಚು ಉತ್ತೇಜನ ತರುತ್ತಿತ್ತು.

ಈ ಅಧ್ಯಯನಗಳು ಸಾಂಗ್ ಕುರಿತವಲ್ಲ. ಆದರೆ ಅವು ಪರೀಕ್ಷಿಸಿದ ಎರಡು ಸಂಗತಿಗಳನ್ನು ಹಿಮ್ಮೇಳದವರು ಅನುಭವದಿಂದಲೇ ಬಲ್ಲರು. ಮರಳಿ ಮರಳಿ ಹಾಡಿದ್ದು ಮೈಗೂಡುತ್ತದೆ, ಲಯ ಕೂಡಿದ ಹಾಡು ಕೂತವರನ್ನು ಎಬ್ಬಿಸುತ್ತದೆ.

ಅಥೆನ್ಸಿನಿಂದ ಕಲಾಕ್ಷೇತ್ರದವರೆಗೆ

ನಾಟಕದ ಚರಿತ್ರೆಯಲ್ಲಿ ನಾಯಕನಿಗಿಂತ ಮೊದಲು ಬಂದದ್ದು ಗುಂಪಿನ ಹಾಡು. ಪ್ರಾಚೀನ ಅಥೆನ್ಸಿನಲ್ಲಿ ಡಯೊನಿಸಸ್ ದೇವರ ಹಬ್ಬಕ್ಕೆ 50 ಮಂದಿ ಒಟ್ಟಾಗಿ ಹಾಡಿ ಕುಣಿಯುತ್ತಿದ್ದರು. ದುರಂತ ನಾಟಕದ ಮೇಳದಲ್ಲಿ 12 ಜನರಿದ್ದರು, ಸೊಫೋಕ್ಲಿಸ್ ಅದನ್ನು 15ಕ್ಕೆ ಏರಿಸಿದ. ಮೇಳದ ತರಬೇತಿಯ ಖರ್ಚನ್ನು ಊರಿನ ಶ್ರೀಮಂತನೊಬ್ಬ ಹೊರಬೇಕಿತ್ತು, ಅದು ನಾಗರಿಕ ಕರ್ತವ್ಯವೆನಿಸಿತ್ತು. ಮೇಳವನ್ನೂ ಒಬ್ಬ ಪಾತ್ರಧಾರಿಯೆಂದೇ ಎಣಿಸಬೇಕು ಎಂದು ಅರಿಸ್ಟಾಟಲ್ ವಾದಿಸಿದ.

ಬಿ.ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ನಾಟಕಗಳ ಮೂಲಕ ಗ್ರೀಕ್ ಮಾದರಿಯ ಮೇಳವನ್ನು ಕನ್ನಡಕ್ಕೆ ತಂದರು. ಅದು ರಂಗದ ಮೇಲೆ ಮೈದುಂಬಿ ನಿಂತದ್ದು 1972ರಲ್ಲಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು ಲಂಕೇಶರ ಅನುವಾದದ ‘ಈಡಿಪಸ್’, ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದರು. ಒಂದರಲ್ಲಿ ಗ್ರೀಕ್ ಮೇಳ, ಇನ್ನೊಂದರಲ್ಲಿ ಉತ್ತರ ಕರ್ನಾಟಕದ ಬಯಲಾಟದ ಹಿಮ್ಮೇಳ. ಎರಡೂ ಒಂದೇ ಬಯಲಿನಲ್ಲಿ ಸಲೀಸಾಗಿ ಬೆರೆತವು. ‘ಸತ್ತವರ ನೆರಳು’ ನಾಟಕದಲ್ಲಿ ಕಾರಂತರು ಪುರಂದರದಾಸರ ಪದಗಳನ್ನು ಮೇಳದ ಬಾಯಲ್ಲಿ ಹಾಡಿಸಿದಾಗ, ಕತೆಯ ತೀರ್ಪನ್ನು ಹೇಳುವ ಹೊಣೆಯೂ ಹಾಡಿಗೇ ಬಂತು. ಇದೇ ಕಾರಂತರು 1977ರಿಂದ 1981ರವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು.

ದೆಹಲಿಯಲ್ಲಿ ಅದಕ್ಕೂ ಮೊದಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. 1954ರಲ್ಲಿ ಹಬೀಬ್ ತನ್ವೀರ್ ಜಾಮಿಯಾ ಮಿಲಿಯಾದ ವಿದ್ಯಾರ್ಥಿಗಳನ್ನೂ ಪಕ್ಕದ ಓಖ್ಲಾದ ಹಳ್ಳಿಗರನ್ನೂ ಸೇರಿಸಿ ‘ಆಗ್ರಾ ಬಜಾರ್’ ಕಟ್ಟಿದರು. ಅದು ಕವಿ ನಜೀರ್ ಅಕ್ಬರಾಬಾದಿಯ ಕುರಿತ ನಾಟಕ, ಆದರೆ ನಜೀರ್ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಫಕೀರರು ಅವನ ಪದಗಳನ್ನು ಹಾಡುತ್ತ ಬಜಾರು ಸುತ್ತುತ್ತಾರೆ. ನಾಯಕನಿಲ್ಲದೆಯೂ ನಾಟಕ ನಿಲ್ಲುತ್ತದೆ ಎಂದು ತೋರಿಸಿಕೊಟ್ಟವರು ಆ ಹಾಡುಗಾರರು.

ಕಾರ್ಖಾನೆ ಗೇಟಿನ ಮೇಳ

ರಾಜಧಾನಿಯ ಸುತ್ತ ಕಾರ್ಖಾನೆಗಳು ಹಬ್ಬಿದಂತೆ ಮೇಳ ಇನ್ನೊಂದು ರೂಪ ತಾಳಿತು. ದೆಹಲಿಯ ಹೊರವಲಯದ ಕಾರ್ಖಾನೆಯೊಂದರಲ್ಲಿ ಸೈಕಲ್ ನಿಲ್ಲಿಸಲು ಜಾಗ, ಚಹಾ ಕುಡಿಯಲು ಕ್ಯಾಂಟೀನ್ ಕೇಳಿದ ಕಾರ್ಮಿಕರ ಮೇಲೆ ಗುಂಡು ಹಾರಿತು. 1973ರಲ್ಲಿ ಹುಟ್ಟಿದ್ದ ಜನ ನಾಟ್ಯ ಮಂಚ್ ಆ ಘಟನೆಯನ್ನು ಹಿಡಿದು 1978ರಲ್ಲಿ ‘ಮಷೀನ್’ ಎಂಬ ಪುಟ್ಟ ಬೀದಿನಾಟಕ ಕಟ್ಟಿತು. ನಟರು ಮೈಗೆ ಮೈ ಹೊಂದಿಸಿ ತಾವೇ ಯಂತ್ರವಾಗುತ್ತಾರೆ, ಬಾಯಲ್ಲೇ ಅದರ ಸದ್ದು ಹೊರಡಿಸುತ್ತಾರೆ. ಒಂದು ಗಳಿಗೆಗೆ ಯಂತ್ರ ನಿಂತುಬಿಡುತ್ತದೆ. ಆ ತಂಡದ ಸಫ್ದರ್ ಹಾಶ್ಮಿ 1989ರ ಹೊಸವರ್ಷದ ದಿನ ಸಾಹಿಬಾಬಾದ್‌ನ ಝಂಡಾಪುರದಲ್ಲಿ ನಾಟಕವಾಡುವಾಗ ಹಲ್ಲೆಗೊಳಗಾಗಿ ಮರುದಿನ ತೀರಿಕೊಂಡರು. ಜನವರಿ 4ರಂದು ಪತ್ನಿ ಮಲಯಶ್ರೀ ಹಾಶ್ಮಿ ತಂಡದೊಡನೆ ಅದೇ ಜಾಗಕ್ಕೆ ಹೋಗಿ, ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಕರ್ನಾಟಕದಲ್ಲಿ 1975ರಲ್ಲಿ ಆರಂಭವಾದ ಸಮುದಾಯ ತಂಡ ‘ಬೆಲ್ಚಿ’ಯಂಥ ಬೀದಿನಾಟಕಗಳಲ್ಲಿ ಗುಂಪಿನ ಹಾಡಿಗೆ, ಗುಂಪಿನ ಮೈಗೆ ಇದೇ ಬಲ ತುಂಬಿತು.

ಟ್ರ್ಯಾಕ್ ಬಂದ ಮೇಲೆ

ಇಂದು ಹರಿಯಾಣದ ಹಳ್ಳಿಗಳಲ್ಲಿ ಇಡೀ ರಾತ್ರಿಯ ಸಾಂಗ್‌ಗಿಂತ ಹೆಚ್ಚು ಕಾಣುವುದು ರಾಗಿನಿ ಸ್ಪರ್ಧೆಗಳು. ಮೈಕ್ ಮುಂದೆ ಒಬ್ಬ ಗಾಯಕ, ಘಡಾ ಎಂಬ ಮಡಕೆ ಬಡಿಯುವವನೊಬ್ಬ, ಹಾರ್ಮೋನಿಯಂ ಒಂದು. ಆಟದಿಂದ ಬಿಡಿಸಿ ತೆಗೆದ ಹಾಡು ಚೆಂದವಾಗಿಯೇ ಇರುತ್ತದೆ, ಅದನ್ನು ಎತ್ತಿಕೊಳ್ಳುವ ಬಳಗ ಮಾತ್ರ ಸಣ್ಣದಾಗಿದೆ. ಗೌರವಕ್ಕೆ ಕೊರತೆಯಾಗಿಲ್ಲ. ರೋಹ್ಟಕ್‌ನ ರಾಜ್ಯ ಪ್ರದರ್ಶನ ಮತ್ತು ದೃಶ್ಯಕಲೆಗಳ ವಿಶ್ವವಿದ್ಯಾಲಯಕ್ಕೆ ಲಖ್ಮಿಚಂದರ ಹೆಸರಿದೆ. ಯಶಪಾಲ್ ಶರ್ಮಾ ನಿರ್ದೇಶಿಸಿದ ‘ದಾದಾ ಲಖ್ಮಿ’ ಚಿತ್ರ ಹರಿಯಾಣವಿ ಭಾಷೆಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದು 2022ರಲ್ಲಿ ತೆರೆಕಂಡಿತು. ಆದರೆ ಹೆಸರು ಉಳಿಸಿದಷ್ಟಕ್ಕೆ ಕಲೆ ಉಳಿಯದು. ಮುಖ್ಯ ಹಾಡುಗಾರ ತಯಾರಾಗುವುದು ಹಿಂದಿನ ಸಾಲಿನಲ್ಲಿ. ಆ ಸಾಲೇ ಖಾಲಿಯಾದರೆ ಮುಂದಿನ ಹಾಡುಗಾರ ಬರುವುದೆಲ್ಲಿಂದ?

ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಊರಿನ ಉತ್ಸವಗಳಲ್ಲಿ, ಹೊರನಾಡ ಕನ್ನಡ ಸಂಘಗಳ ರಾಜ್ಯೋತ್ಸವಗಳಲ್ಲಿ ಟ್ರ್ಯಾಕ್ ಹಾಕಿ ಒಬ್ಬರೇ ಹಾಡುವುದು ರೂಢಿಯಾಗಿದೆ. ಅದು ಸುಲಭ, ತಾಳ ತಪ್ಪುವ ಭಯವೂ ಇಲ್ಲ. ಆದರೆ ಟ್ರ್ಯಾಕ್ ಯಾರಿಗೂ ಹಾಡು ಕಲಿಸುವುದಿಲ್ಲ, ಹಾಡುಗಾರ ಸಾಲು ಮರೆತರೆ ಎತ್ತಿಕೊಡುವುದಿಲ್ಲ. ಮುಂದಿನ ನವೆಂಬರ್‌ಗೆ ಒಂದು ಪದವನ್ನಾದರೂ ಟ್ರ್ಯಾಕ್ ಇಲ್ಲದೆ ಹಾಡಲು ಹತ್ತು ಜನರನ್ನು ಕೂಡಿಸಿ. ಅವರಲ್ಲಿ ಇಬ್ಬರು ಅಜ್ಜಂದಿರೂ ಇಬ್ಬರು ಮಕ್ಕಳೂ ಇರಲಿ. ಗುರುಗ್ರಾಮ, ಮಾನೇಸರ್ ಕಡೆ ನೆಲೆಸಿರುವ ಕನ್ನಡಿಗರು ಸುತ್ತಲ ಹಳ್ಳಿಯಲ್ಲಿ ಎಲ್ಲಾದರೂ ಸಾಂಗ್ ಇದೆಯೆಂದು ತಿಳಿದರೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಟೇಕ್ ಬಂದಾಗ ನೀವೂ ದನಿಗೂಡಿಸಿ.